ಸಹಾಯ ಬೇಕು: ರಜೆಯಲ್ಲಿ ಮಗಳ ಕನ್ನಡ ಓದು ಮುಂದುವರಿಸುವುದು ಹೇಗೆ?

ನಮಸ್ಕಾರ. ನಾವಿರುವುದು ಮಂಗಳೂರಿನ ಕುಲಶೇಖರದಲ್ಲಿ. ಮಗಳು ಎರಡನೇ ಕ್ಲಾಸ್ ಮುಗಿಸಿದ್ದಾಳೆ, ಮಗ ಯುಕೆಜಿ. ಮೇ ಕೊನೆಯವರೆಗೆ ರಜೆ ಉಂಟು. ನಾವಿಬ್ಬರೂ ಕೆಲಸಕ್ಕೆ ಹೋಗುವವರು, ಹಗಲಿಗೆ ಮಕ್ಕಳ ಜೊತೆ ಅತ್ತೆ ಮಾತ್ರ. ಮಧ್ಯಾಹ್ನದ ಸೆಕೆಗೆ ಅಂಗಳಕ್ಕೂ ಬಿಡುವ ಹಾಗಿಲ್ಲ, ಕೊನೆಗೆ ಕೈಗೆ ಮೊಬೈಲೇ.

ಪಿಲಿಕುಳಕ್ಕೆ ಕರ್ಕೊಂಡು ಹೋದೆವು. ತಾರಾಲಯ ನೋಡಿ ಬಂದ ಮೇಲೆ ಮಗನ ಬಾಯಲ್ಲಿ ಬರೀ ಶನಿ, ಗುರು. ಆದರೆ ದಿನಾ ಹೋಗ್ಲಿಕ್ಕೆ ಆಗ್ತದಾ ಮಾರ್ರೆ? ಸಮ್ಮರ್ ಕ್ಯಾಂಪ್ ವಿಚಾರಿಸಿದೆ, ಮಧ್ಯಾಹ್ನಕ್ಕೇ ಬಿಡ್ತಾರೆ, ಕರ್ಕೊಂಡು ಬರುವವರಿಲ್ಲ. ಕಾಪಿ ಬರೆಸಿದರೆ ಇಬ್ಬರದ್ದೂ ಅಳು. ಅತ್ತೆ ಗೇರುಬೀಜವನ್ನು ಹತ್ತು ಹತ್ತರ ಗುಂಪು ಮಾಡಿಸಿ ಎಣಿಸುವ ಆಟ ಶುರು ಮಾಡಿದ್ದಾರೆ, ಅದೊಂದು ಭಾರೀ ಲಾಯ್ಕ್ ನಡೀತಾ ಉಂಟು. ಹಾಗಾಗಿ ಲೆಕ್ಕದ ಚಿಂತೆ ಇಲ್ಲ.

ತೊಂದರೆ ಇರುವುದು ಮಗಳ ಕನ್ನಡದಲ್ಲಿ. 'ಅಕ್ಕ', 'ಹಣ್ಣು' ಸಲೀಸಾಗಿ ಓದುತ್ತಾಳೆ. ಅದೇ ಅಕ್ಷರದ ಒತ್ತು ಅಲ್ವಾ, ಗೊತ್ತಾಗ್ತದೆ. 'ಪುಸ್ತಕ', 'ಚಂದ್ರ', 'ಶಕ್ತಿ' ಬಂದರೆ ಅಲ್ಲೇ ನಿಂತಳು. ಚಿತ್ರ ಇದ್ದರೆ ಅದನ್ನು ನೋಡಿ ಊಹೆ ಮಾಡಿ ಹೇಳಿಬಿಡ್ತಾಳೆ, ಓದಿದ್ದು ಅಂತ ನಾವು ನಂಬಬೇಕು! ಒತ್ತಕ್ಷರದ ಪಟ್ಟಿ ಗೋಡೆಗೆ ಅಂಟಿಸಿದ್ದೇನೆ. ಪಟ್ಟಿಯಲ್ಲಿ ಕೇಳಿದರೆ ಸರಿ ಹೇಳ್ತಾಳೆ, ಕಥೆಯ ಸಾಲಿನಲ್ಲಿ ಬಂದರೆ ಗುರುತೇ ಸಿಗುವುದಿಲ್ಲ. ಅತ್ತೆಗೆ ಸಣ್ಣ ಅಕ್ಷರ ಕಾಣುವುದಿಲ್ಲ, ಪಕ್ಕದಲ್ಲಿ ಕೂತು ತಿದ್ದುವುದು ಕಷ್ಟ.

ಪ್ರೈಮರಿ ಟೀಚರುಗಳು, ಇದನ್ನು ದಾಟಿಸಿದ ಅಪ್ಪ-ಅಮ್ಮಂದಿರು ಹೇಳಿ: ಒತ್ತಕ್ಷರಗಳನ್ನು ಒಂದೊಂದಾಗಿ ಗಟ್ಟಿ ಮಾಡಿಸಿ ಆಮೇಲೆ ಕಥೆಗೆ ಹೋಗಬೇಕಾ, ಅಥವಾ ತಪ್ಪಿದರೂ ಓದಿಸುತ್ತಾ ಹೋಗಬೇಕಾ? ಅತ್ತೆ ಪುಸ್ತಕ ನೋಡದೆ ಆಡಿಸಬಹುದಾದ ಒತ್ತಕ್ಷರದ ಆಟ ಯಾವುದಾದರೂ ಉಂಟಾ?