ಬೋಲ್ಟ್ ‘ಸೀಜ್’ ಆಗಿದೆ ಅನ್ನೋದಕ್ಕೆ ಕನ್ನಡದಲ್ಲಿ ಏನನ್ನೋಣ?

ಹಳೇ ಸ್ಕೂಟರ್ ರಿಪೇರಿಯ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಸೀಜ್ಡ್ ಬೋಲ್ಟ್’, ಅಂದರೆ ಎಷ್ಟು ತಿರುಗಿಸಿದರೂ ಬಿಚ್ಚಿಕೊಳ್ಳದೆ ಸಿಕ್ಕಿಹಾಕಿಕೊಂಡ ಬೋಲ್ಟ್, ಅನ್ನೋ ಕಡೆ ಕೈ ನಿಂತಿತು. ಕಂಪ್ಯೂಟರನ್ನು ಕೇಳಿದರೆ ‘ವಶಪಡಿಸಿಕೊಂಡ ಬೋಲ್ಟ್’ ಅಂದಿತು. ಪೊಲೀಸರು ಬಂದು ಬೋಲ್ಟನ್ನು ಠಾಣೆಗೆ ಒಯ್ದ ಹಾಗೆ!

ಮೊದಲು ‘ತುಕ್ಕು ಹಿಡಿದ ಬೋಲ್ಟ್’ ಅಂತ ಬರೆದು, ಆಮೇಲೆ ಹೊಡೆದುಹಾಕಿದೆ. ತುಕ್ಕು ಕಾರಣ ಇರಬಹುದು, ಆದರೆ ಅದೇ ಸ್ಥಿತಿ ಅಲ್ಲ. ಕಬ್ಬಿಣ ತುಕ್ಕಾದಾಗ ಉಬ್ಬುತ್ತದೆ, ಥ್ರೆಡ್ಡಿನ ಸಂದೆಲ್ಲ ತುಂಬಿ ಬಿಗಿಯುತ್ತದೆ, ಅದು ನಿಜ. ಆದರೆ ತಲೆ ಪೂರ್ತಿ ಕೆಂಪಾದ ಬೋಲ್ಟ್ ಸಲೀಸಾಗಿ ಬಿಚ್ಚಿಕೊಂಡದ್ದೂ ಉಂಟು. ನನ್ನ ಸ್ಕೂಟರಿನದು ಉಲ್ಟಾ. ಎಂಜಿನ್ ಕವರಿನ ಬೋಲ್ಟ್ ತಲೆ ಫಳಫಳ ಅಂತಿತ್ತು. ಜಪ್ಪಯ್ಯ ಅಂದರೂ ಮಿಸುಕಲಿಲ್ಲ. ಜಾಸ್ತಿ ಒತ್ತಿದೆ, ಸ್ಪ್ಯಾನರ್ ಜಾರಿ ಆರು ಮೂಲೆಯೂ ಸವೆದು ಗುಂಡಗಾಯಿತು.

ಗ್ಯಾರೇಜಿನಲ್ಲಿ ಇದನ್ನು ನೋಡಿದವರು ಹೇಳಿದ್ದು ಒಂದೇ ಮಾತು: ‘ಕಚ್ಕೊಂಡಿದೆ.’ ನನಗೆ ಬೇಕಾದ ಪದ ಇದೇ ಅನ್ನಿಸಿತು.

ಇದರಲ್ಲಿ ಒಂದು ಸ್ವಾರಸ್ಯ ಇದೆ. ‘ನಟ್ಟು ಕಚ್ತಾ ಇಲ್ಲ’ ಅಂದರೆ ಥ್ರೆಡ್ ಸರಿಯಾಗಿ ಕೂರುತ್ತಿಲ್ಲ ಅಂತ. ಅಂದರೆ ಕಚ್ಚುವುದು ಒಳ್ಳೆಯದು, ಕಚ್ಚಿಕೊಳ್ಳುವುದು ಕೆಟ್ಟದ್ದು! ಬರೀ ಒಂದು ‘ಕೊಳ್ಳು’ ಸೇರಿ ಕೆಲಸವೇ ಕಾಯಿಲೆಯಾಯಿತು. ‘ಜಾಮ್ ಆಗಿದೆ’ ಅಂತಲೂ ಅನ್ನಬಹುದು, ಆದರೆ ಬಾಗಿಲೂ ಜಾಮ್ ಆಗುತ್ತದೆ, ರಸ್ತೆಯೂ ಜಾಮ್ ಆಗುತ್ತದೆ. ‘ಬಿಗಿಯಾಗಿದೆ’ ಅಂದರಂತೂ ಯಾರೋ ಬೇಕೆಂದೇ ಬಿಗಿದ ಹಾಗೆ ಕೇಳುತ್ತದೆ.

ಈಗ ನಿಜವಾದ ತೊಡಕು. ಆ ಕವರು ಅಲ್ಯೂಮಿನಿಯಂ, ಬೋಲ್ಟು ಉಕ್ಕು. ಎರಡೂ ಲೋಹ ತಾಗಿಕೊಂಡಿರುವ ಕಡೆ ನೀರು ಸೇರಿದರೆ ಅಲ್ಯೂಮಿನಿಯಮ್ಮೇ ತಿಂದುಹೋಗಿ ಬಿಳಿ ಪುಡಿ ಕಟ್ಟುತ್ತದೆ. ಕವರನ್ನು ಹದವಾಗಿ ಬಿಸಿ ಮಾಡಿದ ಮೇಲೆ ಬೋಲ್ಟ್ ಬಂತು. ಬಿಸಿಗೆ ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುತ್ತದೆ, ತೂತು ದೊಡ್ಡದಾಗುತ್ತದೆ. ಬಂದ ಬೋಲ್ಟಿನ ಥ್ರೆಡ್ಡಿಗೆ ಸುಣ್ಣ ಬಳಿದಂತೆ ಬಿಳಿ ಮೆತ್ತಿತ್ತು. ಇದನ್ನು ಏನನ್ನೋಣ? ಕಬ್ಬಿಣಕ್ಕೆ ತುಕ್ಕು, ತಾಮ್ರ ಹಿತ್ತಾಳೆಗೆ ಕಿಲುಬು. ಅಲ್ಯೂಮಿನಿಯಂ ಮನೆಗೆ ಬಂದದ್ದೇ ತಡವಾಗಿ, ಅದಕ್ಕೊಂದು ಪದ ಹುಟ್ಟಿದ ಹಾಗೆ ಕಾಣುವುದಿಲ್ಲ. ‘ಬಿಳಿ ಕಿಲುಬು’ ಅಂದರೆ ಓದುವವರಿಗೆ ಹೊಳೆಯುತ್ತದಾ? ಅಥವಾ ಕಿಲುಬು ಅಂದ ಕೂಡಲೇ ಹಸಿರೇ ಕಣ್ಣಿಗೆ ಬರುತ್ತದಾ?

ಇನ್ನೊಂದು ಚಿಕ್ಕದು. ಇಂಥ ಬೋಲ್ಟ್ ಸಡಿಲವಾಗಲಿ ಅಂತ ಸಂದಿಗೆ ಬಿಟ್ಟು ರಾತ್ರಿಯಿಡೀ ಕಾಯುವ ತೆಳು ಎಣ್ಣೆಗೆ ‘ಇಂಗೆಣ್ಣೆ’ ಅಂತ ಬರೆದಿದ್ದೇನೆ, ನೀರು ಇಂಗುವ ಹಾಗೆ ಇದೂ ಇಂಗುತ್ತದೆ ಅಲ್ವಾ ಅಂತ. ಆದರೆ ಗೆಳೆಯರೊಬ್ಬರು ಓದಿ, ಇದು ಇಂಗಿನ ಒಗ್ಗರಣೆಯಾ ಅಂತ ಕೇಳಿದರು.