ರಾತ್ರಿಗೊಂದು ನಿಮಿಷ

ಭಾನುವಾರ ಮಧ್ಯಾಹ್ನ, ನಾರ್ತ್ ಕೆರೊಲೈನಾದ ಕ್ಯಾರಿಯಲ್ಲಿ ಸತೀಶನ ಮನೆ. ಊಟ ಮುಗಿದು ಕಾಫಿ ಬಂದಿತ್ತು. ಮಾತು ಮಾತ್ರ ಡೇರೆ ಬಿಟ್ಟು ಕದಲಿರಲಿಲ್ಲ. ಸತೀಶನ ಮಗ ಓದುವ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಬ್ಯಾಸ್ಕೆಟ್‌ಬಾಲ್ ಪಂದ್ಯಕ್ಕೆ ಜಾಗ ಹಿಡಿಯಲು ಹುಡುಗರು ಸ್ಟೇಡಿಯಂ ಹೊರಗೆ ಹಾಕುವ ಡೇರೆ.

“ಡ್ಯೂಕ್‌ಗೆ ವರ್ಷಕ್ಕೆ 90,000 ಡಾಲರ್ ದಾಟತ್ತೆ ಕಣೋ. ಹಾಸ್ಟೆಲ್ ಬಾಡಿಗೇನೂ ಅದ್ರಲ್ಲೇ ಸೇರಿದೆ. ನನ್ನ ಮಗ ಮಲಗೋದು ಮಾತ್ರ ಹೊರಗೆ, ಹುಲ್ಲಿನ ಮೇಲೆ, ಜನವರಿ ಚಳೀಲಿ!” ಅಂದ ಸತೀಶ.

“ಟಿಕೆಟ್ ಬೆಲೆ ಎಷ್ಟು?” ಕೇಳಿದ ನಾಣಿ.

“ವಿದ್ಯಾರ್ಥಿಗಳಿಗೆ ಪುಕ್ಕಟೆ.”

“ಅದೇ ಮತ್ತೆ. ಪುಕ್ಕಟೆ ದರ್ಶನಕ್ಕೇ ಉದ್ದ ಕ್ಯೂ ಇರೋದು. ತಿರುಪತೀಲಾದ್ರೆ ಕೊನೆಗೆ ಒಂದು ಲಾಡಾದ್ರೂ ಕೊಡ್ತಾರೆ.”

ಸತೀಶನ ಹೆಂಡತಿ ಸುಮಾಗೆ ಸಿಟ್ಟು ಬಂತು. ಪೋಷಕರ ವಾಟ್ಸಾಪ್ ಗುಂಪಿನಲ್ಲಿ ಅವಳದೇ ಮೇಲುಗೈ, ನಿಯಮವೆಲ್ಲ ಬಾಯಿಪಾಠ. “ಸುಮ್ನೆ ಕ್ಯೂ ಅನ್ಬೇಡಿ. ಕ್ಯಾಮರಾನ್ ಇಂಡೋರ್ ಸ್ಟೇಡಿಯಂ 1940ರದ್ದು, ಹಿಡಿಯೋದೇ 9,314 ಜನ. ನಾರ್ತ್ ಕೆರೊಲೈನಾ ಯೂನಿವರ್ಸಿಟಿ ಜೊತೆ ಪಂದ್ಯ ಅಂದ್ರೆ ಊರೇ ಬರತ್ತೆ. ಅದಕ್ಕೇ 1986ರಿಂದ ಹುಡುಗರು ಹೊರಗೆ ಟೆಂಟ್ ಹಾಕ್ತಾರೆ. ಒಂದು ಟೆಂಟಿಗೆ 12 ಹೆಸರು. ಹಂತಕ್ಕೊಂದು ಬಣ್ಣದ ಹೆಸರು: ಮೊದಲು ಕಪ್ಪು, ಆಮೇಲೆ ನೀಲಿ, ಕೊನೆಗೆ ಬಿಳಿ.”

“ನಮ್ಮೂರ ಟೆಂಟ್ ಸಿನಿಮಾದಲ್ಲಿ ನೆಲ, ಬೆಂಚು, ಕುರ್ಚಿ ಅಂತ ಇತ್ತಲ್ಲ, ಹಾಗಾ?”

“ಕಪ್ಪಿನ ಹಂತದಲ್ಲಿ ರಾತ್ರಿ ಹತ್ತು ಜನ ಒಳಗಿರ್ಬೇಕು, ಹಗಲು ಇಬ್ರು. ನೀಲಿಗೆ ರಾತ್ರಿ ಆರು. ಬಿಳಿಗೆ ಇಬ್ರು ಸಾಕು. ಬಹಳ ವರ್ಷದಿಂದ ಬಂದ ಲೆಕ್ಕ, ಆಗಾಗ ತಿದ್ದುತ್ತಾ ಇರ್ತಾರೆ. ಕಪ್ಪಿಗೆ ಸೇರೋಕೇ ಪರೀಕ್ಷೆ ಉಂಟು. ತಂಡದ ಇತಿಹಾಸ, ಈ ಸಲದ ಆಟಗಾರರು, ಅಂಕಿಅಂಶ ಎಲ್ಲ ಕೇಳ್ತಾರೆ.”

“ಸಿಇಟಿ ಅನ್ನಿ. ಮನೆಪಾಠ ಯಾರಾದ್ರೂ ಹೇಳ್ತಾರಾ?”

ವೆಂಕಿ ತನ್ನ ಆಕಾಶನೀಲಿ ಟೋಪಿ ಸರಿಮಾಡಿಕೊಂಡ. ಅವನ ಮಗಳು ಓದುವುದು ಎದುರಾಳಿ ಪಾಳಯದಲ್ಲಿ, ಚಾಪೆಲ್ ಹಿಲ್‌ನ ಅದೇ ನಾರ್ತ್ ಕೆರೊಲೈನಾ ಯೂನಿವರ್ಸಿಟಿಯಲ್ಲಿ. ಎರಡು ಕ್ಯಾಂಪಸ್ಸಿನ ನಡುವೆ ಹತ್ತೇ ಮೈಲಿ. “ನಮ್ಮಲ್ಲಿ ಲಾಟರಿ. ಡೀನ್ ಸ್ಮಿತ್ ಸೆಂಟರ್‌ನಲ್ಲಿ 21,000ಕ್ಕೂ ಹೆಚ್ಚು ಸೀಟು. ಹೆಸರು ಬಂದ್ರೆ ಆಟ, ಬರದಿದ್ರೆ ಹಾಸಿಗೆ. ಹೊದ್ಕೊಂಡು ಮಲಗ್ತಾರೆ ನಮ್ಮ ಮಕ್ಕಳು.”

“ಭಕ್ತಿ ಇಲ್ಲದವರ ಲಕ್ಷಣ,” ಅಂದಳು ಸುಮಾ.

ನಾಣಿ ಅಷ್ಟರಲ್ಲಿ ಪೇಪರ್ ನ್ಯಾಪ್ಕಿನ್ ಮೇಲೆ ಲೆಕ್ಕ ಹಾಕುತ್ತಿದ್ದ. “ಆರು ವಾರ. ಅಂದ್ರೆ ಹತ್ತಿರ ಹತ್ತಿರ ನಲವತ್ತು ರಾತ್ರಿ. ಆಟ ಎಷ್ಟು ಹೊತ್ತು?”

“ಇಪ್ಪತ್ತಿಪ್ಪತ್ತು ನಿಮಿಷದ ಎರಡು ಅವಧಿ.”

“ನಲವತ್ತು ನಿಮಿಷ! ರಾತ್ರಿಗೊಂದು ನಿಮಿಷ ಬಿತ್ತಪ್ಪ. ಅದೂ ನಿಂತ್ಕೊಂಡು, ಅಲ್ವಾ?”

“ಕೂರೋ ಹಾಗೇ ಇಲ್ಲ. ಎದುರಾಳಿ ಫ್ರೀ ಥ್ರೋ ಹಾಕುವಾಗ ಬುಟ್ಟಿ ಹಿಂದೆ ನಿಂತು ಕೈ ಬೀಸಿ ಕಣ್ಣು ಕೆಡಿಸ್ಬೇಕು. ಏನು ಕೂಗ್ಬೇಕು ಅಂತ ಚೀಟಿ ಬೇರೆ ಹಂಚ್ತಾರೆ.”

“ಸಹಸ್ರನಾಮದ ಪುಸ್ತಕ.”

ವೆಂಕಿಗೆ ಇದೇ ಸಂದು ಬೇಕಿತ್ತು. “2019ರ ಫೆಬ್ರವರಿ ನೆನಪಿದ್ಯಾ? ನಿಮ್ಮ ಸ್ಟಾರ್ ಆಟಗಾರ ಜಯಾನ್ ವಿಲಿಯಮ್ಸನ್ನ ನೋಡ್ಬೇಕು ಅಂತ ವಾರಗಟ್ಟಲೆ ಡೇರೇಲಿ ನೆಂದ್ರು. ಆಟ ಶುರುವಾಗಿ ಒಂದು ನಿಮಿಷ ಆಗಿಲ್ಲ, ಅವನ ಶೂ ಅಡಿಯಿಂದ ಕಿತ್ಕೊಂಡು ಬಂತು, ಮಂಡಿ ಉಳುಕ್ತು. ವಾಪಸ್ ಬರ್ಲೇ ಇಲ್ಲ. ನಾವು ಗೆದ್ವಿ, 88-72.”

“ಪಾಪ, ಅವರಿಗೆ ರಾತ್ರಿಗೊಂದು ಸೆಕೆಂಡೂ ಬೀಳ್ಲಿಲ್ಲ,” ಅಂದ ನಾಣಿ.

“2022ರ ಮಾರ್ಚ್ 5 ಹೇಳ್ಲಾ? ನಿಮ್ಮ ಕೋಚ್‌ಗೆ ಮನೆ ಅಂಗಳದ ಕೊನೇ ಪಂದ್ಯ. ಅದರಲ್ಲೂ ನಾವೇ, 94-81. ಏಪ್ರಿಲ್‌ನಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಮತ್ತೆ ನಾವೇ, 81-77. ಅಲ್ಲಿಗೆ ಅವರ ಕೋಚಿಂಗೇ ಮುಗೀತು.”

“ಅವರ ಸುದ್ದಿಗೆ ಬರ್ಬೇಡಿ,” ಸುಮಾ ಕೆನ್ನೆ ಕೆನ್ನೆ ಬಡಿದುಕೊಂಡಳು. “ಮೈಕ್ ಶಶೆಫ್‌ಸ್ಕಿ. 1980ರಿಂದ 42 ವರ್ಷ, ಐದು ರಾಷ್ಟ್ರೀಯ ಪಟ್ಟ. ಆ ಡೇರೆ ಬಯಲಿಗೇ ಅವರ ಹೆಸರು, ಕೆ-ವಿಲ್ ಅಂತ.”

“ಬರೆಯೋದು ‘ಕೆ’ಯಿಂದ, ಓದೋದು ‘ಶ’ದಿಂದ, ಎಂಥಾ ಹೆಸರದು. ಇನಿಷಿಯಲ್‌ಗೆ ಇಳಿಸಿದ್ದೇ ಒಳ್ಳೇದಾಯ್ತು. ನಮ್ಮಲ್ಲಿ ಹಳ್ಳಿ ಹೆಸರು, ಅಪ್ಪನ ಹೆಸರು ಎರಡಕ್ಷರದಲ್ಲಿ ಮಡಚಿಡ್ತಾರಲ್ಲ, ಹಾಗೆ. ಅದಿರಲಿ, ಗೆದ್ರೆ ಏನು ಮಾಡ್ತಾರೆ?”

“ಬೆಂಚು ಸುಡ್ತಾರೆ. ಅಗ್ನಿಶಾಮಕದವರ ಪರ್ಮಿಟ್ ತಗೊಂಡು.”

ನಾಣಿ ಕಾಫಿ ಲೋಟ ಕೆಳಗಿಟ್ಟುಬಿಟ್ಟ. “ಕಾಮನ ಹಬ್ಬಕ್ಕೆ ಪರ್ಮಿಟ್ಟಾ! ನಾವು ಕಂಡವರ ಮನೆ ಹಿತ್ತಲಿಂದ ಕಟ್ಟಿಗೆ ಕದ್ದು ತರ್ತಿದ್ವಲ್ಲೋ. ಏಟು ತಿನ್ನದೆ ಉರಿಸಿದ್ದು ಒಂದು ಬೆಂಕೀನಾ? ಆಯ್ತು, ದೇವರಾದ್ರೂ ಸ್ಥಿರವಾ?”

“ಎಲ್ಲಿಂದ ಬಂತು?” ವೆಂಕಿ ನಿಟ್ಟುಸಿರಿಟ್ಟ. ಈ ವಿಷಯದಲ್ಲಿ ಎರಡೂ ಪಾಳಯಕ್ಕೆ ಒಂದೇ ದುಃಖ. “ಜಯಾನ್ ಆಡಿದ್ದು ಒಂದೇ ವರ್ಷ. ಕೂಪರ್ ಫ್ಲ್ಯಾಗ್ ಒಂದೇ ವರ್ಷ. ಉಳಿದವರು ಟ್ರಾನ್ಸ್‌ಫರ್ ಪೋರ್ಟಲ್‌ನಲ್ಲಿ ಹೆಸರು ಹಾಕಿ ಬೇರೆ ಕಾಲೇಜು. 2021ರಿಂದ ದುಡ್ಡೂ ತಗೋಬಹುದು. ಹೋದ ವರ್ಷ ಯಾರ ಹೆಸರಿನ ಜರ್ಸಿ ಕೊಂಡ್ವೋ ಅವನೇ ಈ ವರ್ಷ ಎದುರು ಆಡ್ತಾನೆ.”

“ಮೂರ್ತಿ ವರ್ಷವರ್ಷ ಬದಲಾಗತ್ತೆ, ಕ್ಯೂ ಮಾತ್ರ ಹಾಗೇ ಇರತ್ತೆ ಅನ್ನು.”

ಯಾರೂ ನಗಲಿಲ್ಲ. ಸುಮಾ ಅಂದಳು, “ನಮ್ಮ ಮಗ ಆಟದ ಸುದ್ದಿ ಹೇಳೋದೇ ಕಮ್ಮಿ. ರಾತ್ರಿ ಯಾವ ಹೊತ್ತಲ್ಲಿ ಕ್ಯೂ ನೋಡ್ಕೊಳ್ಳೋ ಲೈನ್ ಮಾನಿಟರ್ ಬಂದು ಹಾಜರಿ ತಗೊಂಡ, ಯಾರು ಒಂದೇ ಚಪ್ಪಲೀಲಿ ಓಡಿದ್ರು, ಅದೇ ಮಾತು. ಒಂದು ಹಾಜರಿ ತಪ್ಪಿದ್ರೆ ಎಚ್ಚರಿಕೆ. ಎರಡನೇ ಸಲ ತಪ್ಪಿದ್ರೆ ಇಡೀ ಟೆಂಟ್ ಪಟ್ಟಿಯ ಕೊನೆಗೆ.”

“ನಾನೂ ಚೆನ್ನೈನಲ್ಲಿ ರಾತ್ರಿಯೆಲ್ಲ ನಿಂತಿದ್ದೆ,” ಅಂದ ಸತೀಶ. “ಅಮೆರಿಕನ್ ಕಾನ್ಸುಲೇಟ್ ಮುಂದೆ, ಫುಟ್‌ಪಾತ್ ಮೇಲೆ ಪೇಪರ್ ಹಾಸ್ಕೊಂಡು. ಮಗ ಹೀಗೆ ಎಲ್ಲೂ ನಿಲ್ಲೋ ಹಾಗಾಗ್ಬಾರ್ದು ಅಂದ್ಕೊಂಡಿದ್ದೆ.”

“ನಿನ್ನ ಮುಂದೆ ನಿಂತಿದ್ದೋನು ನಾನೇ ಅಲ್ವೇನೋ,” ಅಂದ ನಾಣಿ. “ನಿನ್ನ ಮೊಸರನ್ನದಲ್ಲಿ ಅರ್ಧ ತಿಂದಿದ್ದೆ.”

ಅಷ್ಟರಲ್ಲಿ ಮಗನ ಫೋನು. ಟೆಂಟ್ ಸೋರುತ್ತಿದೆಯಂತೆ. ಇಷ್ಟು ಹೊತ್ತು ಬೈಯುತ್ತಿದ್ದ ಸತೀಶ ಒಂದೇ ನೆಗೆತಕ್ಕೆ ಗರಾಜಿನಲ್ಲಿದ್ದ. “ಮೇಲಿಂದಲೋ ಕೆಳಗಿಂದಲೋ ನೋಡು. ಬೆಳಗ್ಗೆ ಒಳಗಡೆ ಬಟ್ಟೆ ಮೇಲೆ ಬರೀ ಹನಿ ಇದ್ರೆ ಅದು ಸೋರಿಕೆ ಅಲ್ಲ, ಹತ್ತು ಜನದ ಉಸಿರು. ಮೇಲಿನ ಜಾಲರಿ ತೆರೆದಿಡು, ಚಳಿ ಅಂತ ಮುಚ್ಬೇಡ. ಕೆಳಗೆ ಹಾಸಿದ ಟಾರ್ಪಾಲು ಟೆಂಟಿನ ಅಂಚು ದಾಟಿ ಹೊರಗೆ ಬಂದಿದ್ಯಾ? ಅಲ್ಲೇ ತಪ್ಪು! ಮಳೆನೀರು ಅದರ ಮೇಲೆ ಬಿದ್ದು ಸೀದಾ ನಿನ್ನ ಬೆನ್ನ ಕೆಳಗೆ ಹರಿಯತ್ತೆ. ಸುತ್ತ ನಾಲ್ಕು ಬೆರಳು ಒಳಕ್ಕೆ ಮಡಚು. ಅಡಿಗೆ ಮರದ ಪ್ಯಾಲೆಟ್ ಹಾಕಿ ನೆಲದಿಂದ ಎತ್ತು. ತಡಿ, ನಾನೇ ಬರ್ತೀನಿ.”

ವ್ಯಾನಿಗೆ ನಾಲ್ಕು ಪ್ಯಾಲೆಟ್ ಏರಿದವು, ಒಂದು ನೀಲಿ ಟಾರ್ಪಾಲೂ. ಸುಮಾ ಹತ್ತು ಜನಕ್ಕಾಗುವಷ್ಟು ಪುಳಿಯೋಗರೆ ಕಟ್ಟಿದಳು. ಹತ್ತಲ್ಲ, ಹನ್ನೆರಡು ಅಂತ ಮತ್ತೆ ಒಳಗೆ ಹೋದಳು. ವೆಂಕಿ ಟೋಪಿ ತೆಗೆದು ಜೇಬಿಗೆ ತುರುಕಿ ಹಿಂದಿನ ಸೀಟು ಹತ್ತಿದ.

ಸ್ಲೀಪಿಂಗ್ ಬ್ಯಾಗ್ ಎರಡಿರುವುದನ್ನು ನಾಣಿ ನೋಡಿದ. “ಇನ್ನೊಂದು ಯಾರಿಗೋ?”

ಸತೀಶ ಹಗ್ಗ ಬಿಗಿಯುತ್ತ ಅತ್ತ ತಿರುಗಿದ. “ಒಂದು ರಾತ್ರಿ ನಾನೂ ಮಲಗ್ಲಾ ಅಂತ ನಿನ್ನೆ ಕೇಳ್ದೆ. 12 ಹೆಸರೂ ಭರ್ತಿ ಅಪ್ಪಾ ಅಂದ.”

“ಹೆಡ್ಡ,” ಅಂದ ನಾಣಿ, ಮುಂದಿನ ಸೀಟಿಗೆ ಹತ್ತುತ್ತ. “ಆರ್‌ಎಸಿ ಕೇಳ್ಬೇಕಿತ್ತು.”