ಎಷ್ಟು ರಿಪೋರ್ಟ್ ಮಾಡಿದರೂ ಪೋಸ್ಟ್ ತೆಗೆಯುತ್ತಿಲ್ಲ, ಏನು ಮಾಡಬೇಕು?

ಪ್ರಶ್ನೆ: ಮಗಳಿಗೆ 14 ವರ್ಷ. ಅವಳ ಫೋಟೋಗಳಿಗೆ ಅಡ್ಡಹೆಸರು ಅಂಟಿಸಿ ಯಾರೋ ಒಂದು ಆ್ಯಪ್‌ನಲ್ಲಿ ಪೇಜ್ ಮಾಡಿದ್ದಾರೆ. ಕಾಮೆಂಟ್ ಹಾಕುವವರೆಲ್ಲ ಕ್ಲಾಸಿನವರೇ. ಮನೆಯವರು, ನೆಂಟರು ಸೇರಿ ಇಪ್ಪತ್ತು ಸಲ ರಿಪೋರ್ಟ್ ಮಾಡಿದರೂ ‘ನಿಯಮ ಉಲ್ಲಂಘನೆ ಕಂಡುಬಂದಿಲ್ಲ’ ಅಂತಲೇ ಉತ್ತರ. ಕಂಪನಿಯವರು ಏನನ್ನು ನೋಡಿ ತೀರ್ಮಾನಿಸುತ್ತಾರೆ? ತಿಳಿದವರು ಹೇಳಿ.

ಉತ್ತರ 1: ಇಪ್ಪತ್ತು ರಿಪೋರ್ಟ್‌ಗೂ ಒಂದು ರಿಪೋರ್ಟ್‌ಗೂ ತೂಕ ಒಂದೇ. ಯಾರು, ಯಾವುದರ ಮೇಲೆ, ಯಾವ ಕಾರಣ ಆರಿಸಿ ದೂರು ಕೊಟ್ಟರು ಅನ್ನುವುದು ಮುಖ್ಯ, ಎಷ್ಟು ಜನ ಅನ್ನುವುದಲ್ಲ.

ಬಹುತೇಕ ದೂರುಗಳನ್ನು ಮೊದಲು ಯಂತ್ರ ನೋಡುತ್ತದೆ, ಆಮೇಲೆ ಬೇಕಾದರೆ ಮನುಷ್ಯ. ಇಬ್ಬರ ಕಣ್ಣಿಗೂ ಸಾಮಾನ್ಯವಾಗಿ ಬೀಳುವುದು ಆ ಒಂದು ಪೋಸ್ಟ್ ಅಥವಾ ಕಾಮೆಂಟ್ ಅಷ್ಟೇ, ಅದರ ಹಿಂದುಮುಂದು ಅಲ್ಲ. ಫೋಟೋ ಕೆಳಗೆ ಬರೀ ‘ಎಮ್ಮೆ’ ಅಂತಿದ್ದರೆ ಇಡೀ ಕ್ಲಾಸಿಗೆ ಅರ್ಥವಾಗುತ್ತದೆ, ಪರಿಶೀಲಿಸುವವರಿಗೆ ಅದು ಕೊಟ್ಟಿಗೆಯ ಪ್ರಾಣಿ. ಅದನ್ನೇ ಇಂಗ್ಲಿಷ್ ಅಕ್ಷರದಲ್ಲಿ, ಕಾಗುಣಿತ ತಿರುಚಿ ಬರೆದರೆ ಯಂತ್ರಕ್ಕೆ ಅದೊಂದು ಪದವೂ ಅಲ್ಲ. ಮಕ್ಕಳಿಗೆ ಇದು ನಮಗಿಂತ ಚೆನ್ನಾಗಿ ಗೊತ್ತು.

ಗೆಳೆಯರ ತಮಾಷೆಯೋ, ಕಾಟವೋ ಅಂತ ಹೊರಗಿನವರಿಗೆ ಗೊತ್ತಾಗುವುದಿಲ್ಲ. ಅದಕ್ಕೇ ಇನ್‌ಸ್ಟಾಗ್ರಾಮ್, ಫೇಸ್‌ಬುಕ್ ನಡೆಸುವ ಮೆಟಾದ ನಿಯಮದಲ್ಲಿ, ಕೆಲವು ಬಗೆಯ ಪೋಸ್ಟ್ ತೆಗೆಯಲು ಗುರಿಯಾದವರೇ ದೂರು ಕೊಡಬೇಕು ಅಂತಿದೆ. ನೆಂಟರ ರಿಪೋರ್ಟ್‌ಗಳು ಇಲ್ಲಿ ವ್ಯರ್ಥ. ಮಗಳ ಅಕೌಂಟಿನಿಂದಲೇ, ಕೆಟ್ಟದಾಗಿರುವ ಪೋಸ್ಟ್‌ಗಳನ್ನು ಒಂದೊಂದಾಗಿ ರಿಪೋರ್ಟ್ ಮಾಡಿಸಿ, ಪೇಜನ್ನು ಮಾತ್ರ ಮಾಡಿ ಬಿಡಬೇಡಿ. ಕಾರಣ ಕೇಳಿದಾಗ ‘ಇಷ್ಟವಾಗಲಿಲ್ಲ’ ಅಥವಾ ‘ಸ್ಪ್ಯಾಮ್’ ಒತ್ತಿದರೆ ದೂರು ಬೇರೆ ಸಾಲಿಗೆ ಹೋಗುತ್ತದೆ, ‘ಬುಲ್ಲಿಯಿಂಗ್’ ಆರಿಸಿ. ಪೇಜು ಅವಳೇ ನಡೆಸುತ್ತಿರುವಂತೆ ಅವಳ ಹೆಸರಲ್ಲಿದ್ದರೆ ಅದು ‘ಇಂಪರ್ಸನೇಷನ್’. ಆ ಫಾರಂ ಅನ್ನು ತಂದೆತಾಯಿಯೂ ತುಂಬಬಹುದು.

ತಿರಸ್ಕಾರವಾದರೆ ಹೊಸ ರಿಪೋರ್ಟ್ ಹಾಕುವ ಬದಲು, ಇನ್‌ಸ್ಟಾಗ್ರಾಮ್ ಆದರೆ ಸೆಟ್ಟಿಂಗ್ಸ್‌ನ ಹೆಲ್ಪ್ ಭಾಗದಲ್ಲಿ ‘ಸಪೋರ್ಟ್ ರಿಕ್ವೆಸ್ಟ್ಸ್’ ತೆರೆದು ಹಳೆಯದಕ್ಕೇ ಮರುಪರಿಶೀಲನೆ ಕೇಳಿ.

ಉತ್ತರ 2: ಅದಕ್ಕೂ ಮೊದಲು ಪುರಾವೆ. ಸಿಟ್ಟಿನಲ್ಲಿ ಮೊದಲು ಬ್ಲಾಕ್ ಮಾಡುವುದೇ ಎಲ್ಲರೂ ಮಾಡುವ ತಪ್ಪು. ಇನ್‌ಸ್ಟಾಗ್ರಾಮ್‌ನಲ್ಲಿ ಬ್ಲಾಕ್ ಮಾಡಿದರೆ ಅವಳ ಪೋಸ್ಟ್‌ಗಳ ಕೆಳಗೆ ಅವರು ಹಾಕಿದ ಕಾಮೆಂಟ್‌ಗಳು ಅಳಿದುಹೋಗುತ್ತವೆ, ಬ್ಲಾಕ್ ತೆಗೆದರೂ ವಾಪಸ್ ಬರುವುದಿಲ್ಲ. ಅವರ ಪೇಜೂ ಅವಳಿಗೆ ಕಾಣುವುದಿಲ್ಲ.

ಸ್ಕ್ರೀನ್‌ಶಾಟ್ ಕತ್ತರಿಸಬೇಡಿ, ಯೂಸರ್‌ನೇಮ್, ಸಮಯ ಎರಡೂ ಕಾಣಬೇಕು. ಯೂಸರ್‌ನೇಮ್ ಬಿಟ್ಟು ಪ್ರೊಫೈಲಿನಲ್ಲಿ ಕಾಣುವ ಇನ್ನೊಂದು ಹೆಸರನ್ನು ಯಾರು ಬೇಕಾದರೂ ಹೇಗೆ ಬೇಕಾದರೂ ಇಟ್ಟುಕೊಳ್ಳಬಹುದು, ಅದು ಸಾಲದು. ಪ್ರತಿ ಪೋಸ್ಟಿನ ಲಿಂಕನ್ನೂ ಕಾಪಿ ಮಾಡಿ ಒಂದು ಕಡೆ ಬರೆದಿಡಿ. ಸ್ನ್ಯಾಪ್‌ಚಾಟ್‌ನಲ್ಲಿ ಸ್ಕ್ರೀನ್‌ಶಾಟ್ ತೆಗೆದರೆ ಕಳಿಸಿದವರಿಗೆ ತಿಳಿಯುತ್ತದೆ. ಇನ್ನೊಂದು ಫೋನಿನಿಂದ ಫೋಟೋ ತೆಗೆಯಿರಿ.

ಇಷ್ಟಾದ ಮೇಲೂ ಎಲ್ಲರನ್ನೂ ಬ್ಲಾಕ್ ಮಾಡಲು ಮಗು ಹಿಂಜರಿದರೆ ಬೈಯಬೇಡಿ. ಬ್ಲಾಕ್ ಆದದ್ದು ಗೊತ್ತಾದರೆ ಮಾರನೆ ದಿನ ಕ್ಲಾಸಿನಲ್ಲಿ ಕಾಟ ಹೆಚ್ಚುತ್ತದೆ ಅನ್ನುವುದು ಮಕ್ಕಳ ಭಯ. ಇನ್‌ಸ್ಟಾಗ್ರಾಮ್ 2019ರಲ್ಲಿ ‘ರಿಸ್ಟ್ರಿಕ್ಟ್’ ತಂದದ್ದೂ ಅದಕ್ಕೇ. ಅವಳು ಯಾರನ್ನು ರಿಸ್ಟ್ರಿಕ್ಟ್ ಮಾಡುತ್ತಾಳೋ ಅವರ ಹೊಸ ಕಾಮೆಂಟ್ ಅವರಿಗೆ ಮಾತ್ರ ಕಾಣುತ್ತದೆ, ಮೆಸೇಜ್ ರಿಕ್ವೆಸ್ಟ್ ಡಬ್ಬಕ್ಕೆ ಹೋಗುತ್ತದೆ, ಓದಿದಳೋ ಇಲ್ಲವೋ ತಿಳಿಯುವುದಿಲ್ಲ. ಒಂಟಿಯಾಗಿ ಕೂಗಿಕೊಳ್ಳುತ್ತಿರುತ್ತಾರೆ, ಅಷ್ಟೇ. ಆದರೆ ಇದು ಅವಳ ಪೋಸ್ಟ್‌ಗಳಿಗೆ, ಅವಳ ಇನ್‌ಬಾಕ್ಸಿಗೆ ಮಾತ್ರ. ಅವರ ಪೇಜಿನ ಮೇಲೆ ಏನೂ ನಡೆಯದು.

ಬೇಡದ ಪದವಿರುವ ಕಾಮೆಂಟ್, ಮೆಸೇಜ್‌ಗಳನ್ನು ಮರೆಮಾಡುವ ಇನ್‌ಸ್ಟಾಗ್ರಾಮ್‌ನ ‘ಹಿಡನ್ ವರ್ಡ್ಸ್’ ಪಟ್ಟಿಗೆ ಅಡ್ಡಹೆಸರನ್ನು ಕನ್ನಡದಲ್ಲೂ, ಇಂಗ್ಲಿಷ್ ಅಕ್ಷರದ ನಾಲ್ಕೈದು ಕಾಗುಣಿತದಲ್ಲೂ ಸೇರಿಸಿ. ಇಮೋಜಿಯನ್ನೂ ಹಾಕಿ, ಪದ ತಡೆದ ಕೂಡಲೇ ಅದು ಶುರುವಾಗುತ್ತದೆ.

ಉತ್ತರ 3: ವಾಟ್ಸ್‌ಆ್ಯಪ್ ಗ್ರೂಪಿಗೂ ಹಬ್ಬಿದ್ದರೆ ಲೆಕ್ಕ ಬೇರೆ. ಅಲ್ಲಿನ ಮೆಸೇಜುಗಳನ್ನು ಕಂಪನಿ ಓದಲಾರದು. ನೀವು ರಿಪೋರ್ಟ್ ಒತ್ತಿದಾಗ ಕೊನೆಯ 5 ಮೆಸೇಜ್ ಅವರಿಗೆ ಹೋಗುತ್ತವೆ. ಎರಡು ದಿನ ಬಿಟ್ಟು ಮಾಡಿದರೆ ಹೋಗುವುದು ‘ಗುಡ್ ಮಾರ್ನಿಂಗ್’ಗಳೇ! ಹಳೆಯ ಮೆಸೇಜಾದರೆ ಅದನ್ನೇ ಒತ್ತಿ ಹಿಡಿದು ರಿಪೋರ್ಟ್ ಮಾಡಿ. ಕಂಡಕಂಡವರು ಗ್ರೂಪಿಗೆ ಸೇರಿಸದಂತೆ ಪ್ರೈವೆಸಿಯಲ್ಲಿ ಗ್ರೂಪ್ಸ್ ತೆರೆದು ‘ಮೈ ಕಾಂಟ್ಯಾಕ್ಟ್ಸ್ ಎಕ್ಸೆಪ್ಟ್’ ಇಡಿ.

ಪ್ರಶ್ನೆ ಕೇಳಿದವರು: ಈಗ ನೋಡಿದೆ, ಅಕೌಂಟ್ ತೆರೆಯುವಾಗ ಅವಳು ವಯಸ್ಸು 19 ಅಂತ ಹಾಕಿದ್ದಾಳೆ. ತೊಂದರೆಯೇ?

ಉತ್ತರ 1: ತೊಂದರೆಯೇ. ಕಂಪನಿಯ ಲೆಕ್ಕದಲ್ಲಿ ಅವಳು ವಯಸ್ಕಳು. ಚಿಕ್ಕವರಿಗೆ ನಿಯಮ ಹೆಚ್ಚು ಬಿಗಿ. ಆ ರಕ್ಷಣೆ ಅವಳಿಗೆ ತಾನಾಗಿ ಸಿಗುವುದಿಲ್ಲ. ಇನ್‌ಸ್ಟಾಗ್ರಾಮ್ 2024ರ ಸೆಪ್ಟೆಂಬರ್‌ನಲ್ಲಿ ತಂದ ಟೀನ್ ಅಕೌಂಟ್‌ನಲ್ಲಿ ಪ್ರೊಫೈಲ್ ತಾನಾಗಿಯೇ ಪ್ರೈವೇಟ್, ಅವಳು ಫಾಲೋ ಮಾಡಿದವರು ಅಥವಾ ಮೊದಲೇ ಸಂಪರ್ಕದಲ್ಲಿರುವವರು ಮಾತ್ರ ಮೆಸೇಜ್ ಕಳಿಸಬಹುದು, 16 ತುಂಬದವರು ಅದನ್ನು ಸಡಿಲಿಸಲು ಪಾಲಕರ ಒಪ್ಪಿಗೆ ಬೇಕು. ಟಿಕ್‌ಟಾಕ್‌ನಲ್ಲಂತೂ 16ರ ಒಳಗಿನವರಿಗೆ ನೇರ ಮೆಸೇಜೇ ಇಲ್ಲ. ಇನ್‌ಸ್ಟಾಗ್ರಾಮ್ ಆದರೆ ಅಕೌಂಟ್ಸ್ ಸೆಂಟರ್‌ನ ಪರ್ಸನಲ್ ಡೀಟೇಲ್ಸ್‌ನಲ್ಲಿ ಹುಟ್ಟಿದ ದಿನ ತಿದ್ದಿ, ಆಮೇಲೆ ದೂರು ಕೊಡಿ. ನಿಜವಾದ ವಯಸ್ಸು 13ಕ್ಕಿಂತ ಕಡಿಮೆ ಇರುವವರು ತಿದ್ದಿದರೆ ಅಕೌಂಟೇ ಹೋಗುತ್ತದೆ, ನಿಮಗೆ ಆ ಚಿಂತೆಯಿಲ್ಲ.

ಉತ್ತರ 4: ಫೋಟೋವನ್ನು ಬೆತ್ತಲೆಯಾಗಿ ತಿದ್ದಿದ್ದರೆ ಮೇಲಿನ ಸ್ಕ್ರೀನ್‌ಶಾಟ್ ಸಲಹೆ ಬೇಡ. ಪುರಾವೆಗೆಂದೂ ಯಾರಿಗೂ ಕಳಿಸಬೇಡಿ. ಕಾಣೆಯಾದ, ಶೋಷಣೆಗೊಳಗಾದ ಮಕ್ಕಳಿಗಾಗಿ ಕೆಲಸ ಮಾಡುವ ಅಮೆರಿಕದ ಸಂಸ್ಥೆ ಎನ್‌ಸಿಎಂಇಸಿ 2023ರಲ್ಲಿ ಶುರುಮಾಡಿದ, ಇಂಥ ಚಿತ್ರ ತೆಗೆಸುವ ‘ಟೇಕ್ ಇಟ್ ಡೌನ್’ ಸೇವೆ ಇದೆ, ಹೆಸರು ಹೇಳಬೇಕಿಲ್ಲ. ಚಿತ್ರ ಫೋನಿನಲ್ಲೇ ಉಳಿಯುತ್ತದೆ. ಅದರ ಬೆರಳಚ್ಚಿನಂಥ ಒಂದು ಸಂಕೇತ ಮಾತ್ರ ಹೋಗುತ್ತದೆ. ಇನ್‌ಸ್ಟಾಗ್ರಾಮ್, ಟಿಕ್‌ಟಾಕ್, ಸ್ನ್ಯಾಪ್‌ಚಾಟ್ ಅದನ್ನು ಬಳಸಿ ಹುಡುಕುತ್ತವೆ. ಒಂದೇ ತೊಡಕು: ಯಾರಾದರೂ ಚಿತ್ರದ ಅಂಚು ಕತ್ತರಿಸಿದರೆ, ಮೇಲೊಂದು ಇಮೋಜಿ ಅಂಟಿಸಿದರೆ ಸಂಕೇತ ಬದಲಾಗುತ್ತದೆ. ಕೈಗೆ ಸಿಕ್ಕ ಪ್ರತಿ ಆವೃತ್ತಿಗೂ ಬೇರೆ ಬೇರೆಯಾಗಿ ಮಾಡಬೇಕು.